ಲಿಬ್‌ಎಸ್‌ಎಸ್‌ಎಲ್-ಡೆವ್ ತೆಗೆಯುವ ಮುಂಚೆ ‘-ಎಸ್’ ಹಾಕಿ ನೋಡಿ
ಉಬುಂಟು, ಡೆಬಿಯನ್ ಲಿನಕ್ಸ್‌ನಲ್ಲಿ ಕಂಪೈಲ್ ಕೆಲಸಕ್ಕೆ ಹಾಕಿಕೊಂಡ, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಪ್ಯಾಕೇಜ್ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಈಗ ಬೇಡ ಅನ್ನಿಸಿದರೆ, ಪ್ಯಾಕೇಜ್ ತೆಗೆಯುವ ‘ಆಪ್ಟ್ ರಿಮೂವ್’ ಆಜ್ಞೆಯ ಜೊತೆ ಮೊದಲು ‘-ಎಸ್’ (ಸಣ್ಣಕ್ಷರ) ಸೇರಿಸಿ ಓಡಿಸಿ. ಏನೂ ಅಳಿಸುವುದಿಲ್ಲ, ಏನೇನು ಹೋಗಲಿದೆ ಅಂತ ಪಟ್ಟಿ ತೋರಿಸುತ್ತದೆ ಅಷ್ಟೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ‘ಲಿಬ್‌ಪಿಕ್ಯು-ಡೆವ್’ ಇದ್ದರೆ ಅದೂ ಜೊತೆಗೇ ಹೋಗುತ್ತದೆ, ಪಟ್ಟಿ ನೋಡದಿದ್ದರೆ ಗೊತ್ತೇ ಆಗಲ್ಲ. ಡೆವ್ ಪ್ಯಾಕೇಜ್‌ನಲ್ಲಿರುವುದು ಹೆಡರ್ ಫೈಲು, ಲಿಂಕ್ ಮಾಡುವ ಸಾಮಾನು, ಅಂದರೆ ಕಂಪೈಲ್ ಮಾಡುವಾಗ ಮಾತ್ರ ಬೇಕಾದದ್ದು. ಹಾಗಾಗಿ ಅದು ಹೋದರೂ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಂಥವು ಮಾಮೂಲಿನಂತೆ ಓಡುತ್ತವೆ. ಅವಕ್ಕೆ ಬೇಕಾದ ಲೈಬ್ರರಿ ಬೇರೆ ಪ್ಯಾಕೇಜ್: ಉಬುಂಟು 22.04ರಲ್ಲಿ ‘ಲಿಬ್‌ಎಸ್‌ಎಸ್‌ಎಲ್3’, 24.04ರಲ್ಲಿ ಅದಕ್ಕೊಂದು ‘ಟಿ64’ ಬಾಲ. ಪಟ್ಟಿಯಲ್ಲಿ ಇವು ಕಂಡರೆ ಅಲ್ಲಿಗೇ ನಿಲ್ಲಿಸಿ. ಓಪನ್‌ಎಸ್‌ಎಸ್‌ಎಲ್ ಅನ್ನು ನೀವೇ ಸೋರ್ಸ್‌ನಿಂದ ಕಟ್ಟಿ ಹಾಕಿದ್ದರೆ ಈ ಉಪಾಯ ನಡೆಯಲ್ಲ, ಆಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ. ಕಟ್ಟಿದ ಫೋಲ್ಡರ್‌ಗೇ ಹೋಗಿ ‘ಮೇಕ್ ಅನ್‌ಇನ್‌ಸ್ಟಾಲ್’ ಕೊಡಬೇಕು.