ತಿಗರಿಯಿಲ್ಲದೆ ಮಡಕೆ ಮಾಡುವ ಹೋಪಿ ಕ್ರಮ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಹೋಪಿ ಎಂಬ ಮೂಲನಿವಾಸಿ ಜನರ ನಾಡಿನಲ್ಲಿ, ಫಸ್ಟ್ ಮೆಸಾ ಎಂಬ ಚಪ್ಪಟೆ ನೆತ್ತಿಯ ಬೆಟ್ಟದ ಮೇಲಿರುವ ಹಾನೊ ಊರಿನ ನಾಂಪೆಯೊ (ಸುಮಾರು 1859–1942) ಅವರು, ಸಮೀಪದ ಸಿಕ್ಯಾಟ್ಕಿ ಎಂಬ ಹಾಳೂರಿನ ಮಡಕೆಚೂರುಗಳಲ್ಲಿ ಉಳಿದಿದ್ದ ಚಿತ್ತಾರಗಳಿಗೆ ಮರುಜೀವ ಕೊಟ್ಟರು. ಅವರ ಮನೆತನದ ಹೆಣ್ಣುಮಕ್ಕಳು ತಾಯಂದಿರ ಪಕ್ಕದಲ್ಲಿ ಕುಳಿತು ಕಲಿತ ಕ್ರಮ ಹೀಗಿದೆ.

ಬೆಟ್ಟದ ಆಸುಪಾಸಿನಲ್ಲಿ ಅಗೆದು ತಂದ ಬೂದುಬಣ್ಣದ ಜೇಡಿಮಣ್ಣನ್ನು ನೆನೆಹಾಕಿ, ಕಲ್ಲು, ಬೇರುಗಳನ್ನು ಸೋಸಿ, ಹದ ಬರುವವರೆಗೆ ನಾದಬೇಕು. ತಳಕ್ಕೆಂದು ತಟ್ಟಿದ ಮಣ್ಣಿನ ಬಿಲ್ಲೆಯನ್ನು ಆಳವಿಲ್ಲದ ಬೋಗುಣಿಯಲ್ಲಿ ಕೂರಿಸಿ, ಅಂಗೈಗಳ ನಡುವೆ ಹೊಸೆದ ಮಣ್ಣಿನ ಬತ್ತಿಗಳನ್ನು ಅದರ ಅಂಚಿನ ಮೇಲೆ ಸುತ್ತುಸುತ್ತಾಗಿ ಏರಿಸುತ್ತ, ಪ್ರತಿ ಸುತ್ತನ್ನೂ ಕೆಳಗಿನದಕ್ಕೆ ಬೆರಳಿನಿಂದ ಒತ್ತಿ ಬೆಸೆಯಬೇಕು. ಬಳಿಕ ಸೋರೆಬುರುಡೆಯ ಚೂರಿನಿಂದ ಕೆರೆದು ಗೋಡೆಯನ್ನು ತೆಳುವಾಗಿಸಿ ಒಣಗಿಸಬೇಕು.

ನಿಜವಾದ ತಾಳ್ಮೆ ಬೇಕಾಗುವುದು ಮೆರುಗು ಕೊಡುವಾಗ. ಒಣಗಿದ ಮೈಯನ್ನು ಉಜ್ಜಿ ಸಮಮಾಡಿ, ತುಸು ತೇವ ಸವರಿ, ನುಣುಪಾದ ಹೊಳೆಗಲ್ಲಿನಿಂದ ಬಿಡದೆ ತಿಕ್ಕಬೇಕು. ಅನೇಕ ಮನೆಗಳಲ್ಲಿ ಈ ಕಲ್ಲು, ನಮ್ಮಲ್ಲಿ ಒಡವೆ ಬರುವಂತೆ, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದದ್ದಾಗಿರುತ್ತದೆ.

ಕಪ್ಪು ಬಣ್ಣಕ್ಕೆ ಬೀವೀಡ್ ಎಂಬ ಕಾಡುಗಿಡವನ್ನು ಕುದಿಸಿ ಬತ್ತಿಸಿ, ಬಿಲ್ಲೆಯಾಗಿ ಒಣಗಿಸಿಟ್ಟುಕೊಂಡು, ಬೇಕಾದಾಗ ಅದನ್ನು ಹೆಮಟೈಟ್ ಎಂಬ ಕಬ್ಬಿಣದ ಅದಿರಿನೊಂದಿಗೆ ಕಲ್ಲಿನ ಮೇಲೆ ತೇಯುತ್ತಾರೆ. ಯಕ್ಕಾ ಗಿಡದ ಎಲೆಯ ತುದಿಯನ್ನು ಜಗಿದು ನಾರು ಬಿಡಿಸಿದರೆ ಅದೇ ಕುಂಚ. ಮುಪ್ಪಿನಲ್ಲಿ ನಾಂಪೆಯೊ ಅವರ ದೃಷ್ಟಿ ಮಂದವಾದಾಗ, ಅವರು ಸ್ಪರ್ಶದಿಂದಲೇ ಕಟ್ಟಿದ ಮಡಕೆಗಳಿಗೆ ಫ್ಯಾನಿ ಮೊದಲಾದ ಹೆಣ್ಣುಮಕ್ಕಳು ಚಿತ್ತಾರ ಬರೆದರು. ಹಾಗಾಗಿ ಆ ಕಾಲದ ಮಡಕೆಯನ್ನು ಒಬ್ಬರದೇ ಕೃತಿ ಎನ್ನುವುದು ಸರಿಯಾಗಲಾರದು.

ಸುಡಲು ಆವಿಗೆ ಕಟ್ಟುವುದಿಲ್ಲ. ಗಾಳಿಯಿಲ್ಲದ ಹೊತ್ತು ನೋಡಿ, ಬಯಲಿನಲ್ಲಿ ಮೊದಲು ಬೆಂಕಿ ಮಾಡಿ ನೆಲ ಕಾಯಿಸಿ, ಮಡಕೆಗಳನ್ನಿಟ್ಟು, ಉರಿ ನೇರವಾಗಿ ತಗುಲದಂತೆ ಒಡಕು ಮಡಕೆಯ ಚೂರುಗಳನ್ನು ಮುಚ್ಚಿ, ಸುತ್ತಲೂ ಮೇಲೂ ಒಣಗಿದ ಕುರಿಗೊಬ್ಬರದ ಹೆಂಟೆಗಳನ್ನು ಪೇರಿಸಬೇಕು. ಗಾಳಿಯಾಡುವ ಈ ಬೆಂಕಿಯಲ್ಲಿ ಮಣ್ಣಿನೊಳಗಿನ ಕಬ್ಬಿಣದ ಅಂಶದಿಂದಾಗಿ ಬೂದು ಮೈ ಜೇನುಬಣ್ಣಕ್ಕೆ ತಿರುಗುತ್ತದೆ. ಶಾಖ ಹೆಚ್ಚುಕಡಿಮೆಯಾದ ಕಡೆ ಕಿತ್ತಳೆಯ ಛಾಯೆ ಮೂಡುತ್ತದೆ. ಇದನ್ನು ದೋಷವೆನ್ನಬಾರದು, ಸಂಗ್ರಾಹಕರು ಮೆಚ್ಚುವುದೇ ಇದನ್ನು. ಬೆಂಕಿ ತಾನಾಗಿ ಆರಿ ಮಡಕೆ ಪೂರ್ತಿ ತಣಿಯುವ ಮೊದಲು ಬೂದಿ ಸರಿಸಿದರೆ, ತಂಪುಗಾಳಿ ತಗುಲಿ ಅದು ಬಿರುಕು ಬಿಡಬಹುದು.