ಗಾಣದೆತ್ತಿನಂತೆ ಸುತ್ತುತ್ತಿದ್ದ ಸೈಟು, ತಪ್ಪು ಫೈಲಿನಲ್ಲಿ ನಾನು

ರಾತ್ರಿ ಹನ್ನೊಂದಕ್ಕೆ ಗ್ರಾಹಕರೊಬ್ಬರ ಫೋನ್ ಬಂತು. ‘ಸರ್, ಸೈಟ್ ತೆರೀತಾನೇ ಇಲ್ಲ, ಏನೋ ಟೂ ಮೆನಿ ರೀಡೈರೆಕ್ಟ್ಸ್ ಅಂತ ಬರ್ತಿದೆ.’

ವರ್ಡ್‌ಪ್ರೆಸ್ ಸೈಟು, ಅಪಾಚೆ ಸರ್ವರ್. ರೀಡೈರೆಕ್ಟ್ ಅಂದರೆ ‘ಇಲ್ಲಲ್ಲ, ಆ ವಿಳಾಸಕ್ಕೆ ಹೋಗು’ ಎಂದು ಕಳಿಸುವುದು, ಅದು ಮುಗಿಯದೆ ಸುತ್ತಿದರೆ ಈ ಎರರ್. ಆ ದಿನ ಮಧ್ಯಾಹ್ನವಷ್ಟೇ ಅದರ ಮುಂದೆ ಒಂದು ಸಿಡಿಎನ್ (ಬಳಕೆದಾರರಿಗೂ ಸರ್ವರಿಗೂ ನಡುವೆ ನಿಂತು ಪುಟ ತಲುಪಿಸುವ ಸೇವೆ) ಕೂರಿಸಿದ್ದೆ. ಹಾಗಾದರೆ ಮೊದಲು ಅನುಮಾನ ಪಡಬೇಕಾದದ್ದು ಅದನ್ನೇ, ಅಲ್ವಾ? ನಾನು ಮಾಡಿದ್ದು ಬೇರೆ. ಅಭ್ಯಾಸಬಲದಿಂದ ನೇರವಾಗಿ ಡಾಟ್ ಎಚ್‌ಟಿಆಕ್ಸೆಸ್ ಫೈಲ್ (ಅಪಾಚೆಯ ರೀಡೈರೆಕ್ಟ್ ನಿಯಮಗಳನ್ನು ಬರೆದಿಡುವ ಜಾಗ) ತೆರೆದೆ, ಒಂದು ಸಾಲು ತೆಗೆದೆ, ಬ್ರೌಸರ್ ರಿಫ್ರೆಶ್ ಮಾಡಿದೆ, ಅದೇ ಎರರ್. ಆ ಸಾಲು ವಾಪಸ್ ಹಾಕಿ ಇನ್ನೊಂದು ತೆಗೆದೆ, ಮತ್ತೆ ಅದೇ. ಹೀಗೇ ಒಂದೂವರೆ ಗಂಟೆ.

ತಮಾಷೆ ಏನಂದರೆ, ಅದರಲ್ಲಿ ಒಂದು ಸಲ ಸರಿಯಾದ ಸಾಲನ್ನೇ ತೆಗೆದಿದ್ದೆ. ಆದರೆ ಸರ್ವರ್ ಕೊಡುತ್ತಿದ್ದ ಉತ್ತರದ ಸಂಖ್ಯೆ 301, ಅಂದರೆ ಶಾಶ್ವತ ರೀಡೈರೆಕ್ಟ್. ಬ್ರೌಸರ್ ಅದನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡಿತ್ತು. ನಾನು ಏನು ಬದಲಾಯಿಸಿದರೂ ಅದು ಸರ್ವರ್ ತನಕ ಹೋಗುತ್ತಲೇ ಇರಲಿಲ್ಲ, ತನ್ನ ನೆನಪಿನಲ್ಲೇ ಸುತ್ತುತ್ತಿತ್ತು. ಕ್ರೋಮ್ ಸುಮಾರು 20 ರೀಡೈರೆಕ್ಟ್ ಜಿಗಿತ ನೋಡಿ ಕೈಚೆಲ್ಲುತ್ತದೆ, ಆ 20ರಲ್ಲಿ ಎಷ್ಟು ನಿಜವಾಗಿ ಸರ್ವರಿಂದ ಬಂದವು ಎಂದು ಪರದೆ ನೋಡಿದರೆ ಗೊತ್ತಾಗುವುದಿಲ್ಲ.

ಕೊನೆಗೆ ಬ್ರೌಸರ್ ಮುಚ್ಚಿ ಟರ್ಮಿನಲ್‌ಗೆ ಬಂದೆ. ಕರ್ಲ್‌ಗೆ (ಟರ್ಮಿನಲ್ಲಿನಿಂದಲೇ ಸರ್ವರಿಗೆ ರಿಕ್ವೆಸ್ಟ್ ಕಳಿಸುವ ಸಾಧನ) ಕ್ಯಾಶ್ ಇಲ್ಲ, ಅದೇ ಅದರ ದೊಡ್ಡ ಗುಣ. ಮೈನಸ್ ಐ ಹಾಕಿದರೆ ಹೆಡರ್ (ಪುಟದ ಜೊತೆ ಬರುವ ವಿವರಗಳು) ಮಾತ್ರ ಬರುತ್ತದೆ, ಆದರೆ ಅದು ಪುಟ ಕೇಳುವ ಗೆಟ್ ಬದಲು ಹೆಡರ್ ಮಾತ್ರ ಕೇಳುವ ಹೆಡ್ ರಿಕ್ವೆಸ್ಟ್ ಕಳಿಸುತ್ತದೆ, ಕೆಲವು ಅಪ್ಲಿಕೇಶನ್‌ಗಳು ಎರಡಕ್ಕೂ ಬೇರೆ ಬೇರೆ ಉತ್ತರ ಕೊಡುತ್ತವೆ. ಅದಕ್ಕೇ ಈಗೀಗ ನಾನು ಗೆಟ್ ಅನ್ನೇ ಕಳಿಸಿ, ಪುಟವನ್ನು ಬಿಸಾಕಿ, ಹೆಡರ್ ಮಾತ್ರ ನೋಡುತ್ತೇನೆ. ಮೈನಸ್ ಎಲ್ ಹಾಕುವುದಿಲ್ಲ. ಅದು ತಾನೇ ಎಲ್ಲ ಜಿಗಿತಗಳನ್ನೂ ಹತ್ತಿಳಿದು ಬಂದುಬಿಡುತ್ತದೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವ ಲೊಕೇಶನ್ ಹೆಡರ್ ಅನ್ನು ಒಂದೊಂದೇ ಓದಿ, ಅದನ್ನು ಕಾಪಿ ಮಾಡಿ, ಮುಂದಿನದನ್ನು ನಾನೇ ಕೇಳುತ್ತೇನೆ. ನಿಧಾನ, ಆದರೆ ಕಣ್ಣಿಗೆ ಕಾಣುತ್ತದೆ.

ಕಂಡದ್ದು ಇಷ್ಟು: ಎಚ್‌ಟಿಟಿಪಿಎಸ್ ವಿಳಾಸ ಕೇಳಿದರೆ 301, ಲೊಕೇಶನ್‌ನಲ್ಲಿ ಅದೇ ಎಚ್‌ಟಿಟಿಪಿಎಸ್ ವಿಳಾಸ. ಒಂದಕ್ಷರ ವ್ಯತ್ಯಾಸ ಇಲ್ಲ.

ಯಾರು ಕಳಿಸುತ್ತಿದ್ದಾರೆ? ವರ್ಡ್‌ಪ್ರೆಸ್ ತಾನೇ ರೀಡೈರೆಕ್ಟ್ ಮಾಡಿದರೆ, 5.1ನೇ ಆವೃತ್ತಿಯಿಂದೀಚೆಗೆ ಸಾಮಾನ್ಯವಾಗಿ ‘ಎಕ್ಸ್-ರೀಡೈರೆಕ್ಟ್-ಬೈ’ ಅನ್ನುವ ಹೆಡರ್‌ನಲ್ಲಿ ತನ್ನ ಹೆಸರು ಬರೆದಿರುತ್ತದೆ. ಇಲ್ಲಿ ಅದು ಇರಲಿಲ್ಲ. ಆಮೇಲೆ ಕರ್ಲ್‌ನ ‘ರಿಸಾಲ್ವ್’ ಆಯ್ಕೆ ಬಳಸಿ, ಸಿಡಿಎನ್ ಬಿಟ್ಟು, ಸರ್ವರಿನ ಐಪಿಗೇ ನೇರವಾಗಿ ಕೇಳಿದೆ. 443ನೇ ಪೋರ್ಟಿನಲ್ಲಿ (ಎಚ್‌ಟಿಟಿಪಿಎಸ್‌ನ ಬಾಗಿಲು) ಸಲೀಸಾಗಿ 200, ಅಂದರೆ ‘ಎಲ್ಲ ಸರಿ’, ಬಂತು! 80ರಲ್ಲಿ (ಬರೀ ಎಚ್‌ಟಿಟಿಪಿಯ ಬಾಗಿಲು) 301. ಎರಡೂ ಸರಿಯಾದ ಉತ್ತರವೇ.

ಆಗ ಲಾಗ್ ತೆರೆದೆ. ಎಸ್‌ಎಸ್‌ಎಲ್ ಲಾಗ್‌ನಲ್ಲಿ (443ರ ದಾಖಲೆ) ನನ್ನ ಕರ್ಲ್ ಬಿಟ್ಟರೆ ಮಧ್ಯಾಹ್ನದಿಂದ ಒಂದು ಸಾಲೂ ಇಲ್ಲ. 80ರ ಲಾಗ್‌ನಲ್ಲಿ ಮಾತ್ರ ಒಂದರ ಹಿಂದೆ ಒಂದು 301, ಎಲ್ಲವೂ ಸಿಡಿಎನ್ ಐಪಿಗಳಿಂದ.

ಗುಟ್ಟು ರಟ್ಟಾಯಿತು. ಬಳಕೆದಾರರಿಂದ ಸಿಡಿಎನ್ ತನಕ ಎಚ್‌ಟಿಟಿಪಿಎಸ್, ಅಲ್ಲಿಂದ ನನ್ನ ಸರ್ವರಿಗೆ ಬರೀ ಎಚ್‌ಟಿಟಿಪಿ. ಸರ್ವರಿಗೆ ಕಾಣುವುದು ಎರಡನೇ ಅರ್ಧ ಮಾತ್ರ. ಪಾಪ, ಅದು ‘ಎಚ್‌ಟಿಟಿಪಿಎಸ್‌ನಲ್ಲಿ ಬಾ’ ಎಂದು ಕಳಿಸುತ್ತದೆ, ಬ್ರೌಸರ್ ಹಾಗೇ ಬರುತ್ತದೆ, ಸಿಡಿಎನ್ ಮತ್ತೆ 80ಕ್ಕೇ ತಂದು ಬಿಡುತ್ತದೆ.

ಸಿಡಿಎನ್ ಸೆಟ್ಟಿಂಗ್‌ನಲ್ಲಿ ಸರ್ವರಿಗೂ ಎಚ್‌ಟಿಟಿಪಿಎಸ್‌ನಲ್ಲೇ ಬರುವಂತೆ, ಸರ್ಟಿಫಿಕೇಟ್ ಪರಿಶೀಲಿಸುವಂತೆ ಮಾಡಿದೆ. ಅಷ್ಟೇ, ಎರಡು ನಿಮಿಷ. ಸರ್ವರಿನಲ್ಲಿ ಸರ್ಟಿಫಿಕೇಟ್ ಇಲ್ಲದಿದ್ದರೆ ಬಳಕೆದಾರ ಹೇಗೆ ಬಂದ ಎಂದು ಸಿಡಿಎನ್ ತಿಳಿಸುವ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಹೆಡರ್ ನೋಡಿ ನಿರ್ಧರಿಸುವಂತೆ ನಿಯಮ ಬರೆಯುವವರೂ ಇದ್ದಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಆ ಹೆಡರ್ ಅನ್ನು ಯಾರು ಬೇಕಾದರೂ ಹಾಕಿ ಕಳಿಸಬಹುದು, ಮೇಲಾಗಿ ಸಿಡಿಎನ್‌ನಿಂದ ಸರ್ವರಿಗೆ ಬರುವ ಅರ್ಧ ದಾರಿ ಗೂಢಲಿಪಿಯಿಲ್ಲದೆ ಬಟಾಬಯಲಾಗಿಯೇ ಉಳಿಯುತ್ತದೆ.

ಹೇಗೂ ಕೈ ಹಾಕಿದ್ದೇನಲ್ಲ ಅಂತ ಉಳಿದದ್ದನ್ನೂ ನೋಡಿದೆ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಒಂದು ಜಿಗಿತ, ಅಲ್ಲಿಂದ ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಒಂದು, ಕೊನೆಯ ಸ್ಲ್ಯಾಶ್‌ಗೆ ಇನ್ನೊಂದು. ಮೊದಲೆರಡನ್ನು ಒಂದೇ ನಿಯಮಕ್ಕೆ ತಂದೆ, ಒಳಗಿನ ಲಿಂಕುಗಳಿಗೆ ಸ್ಲ್ಯಾಶ್ ಸೇರಿಸಿದೆ. ಗೂಗಲ್‌ಬಾಟ್ (ಗೂಗಲ್ ಹುಡುಕಾಟಕ್ಕಾಗಿ ಪುಟ ಓದುವ ಪ್ರೋಗ್ರಾಂ) 10 ಜಿಗಿತದ ತನಕ ಬರುತ್ತದೆ ನಿಜ, ಆದರೆ ಫೋನಿನಲ್ಲಿ ನಿಧಾನದ ನೆಟ್ ಇರುವವರಿಗೆ ಒಂದೊಂದು ಜಿಗಿತವೂ ಸುಮ್ನೆ ಕಾಯುವ ಕೆಲಸ.

ಸಂಪರ್ಕ ಫಾರ್ಮ್‌ನಲ್ಲಿ ಇನ್ನೊಂದು ಹುಳುಕು ಸಿಕ್ಕಿತು. ಅದು ಇನ್ನೂ ಹಳೆಯ ಎಚ್‌ಟಿಟಿಪಿ ವಿಳಾಸಕ್ಕೇ ಪೋಸ್ಟ್ ಮಾಡುತ್ತಿತ್ತು, ಅಂದರೆ ತುಂಬಿದ್ದನ್ನು ಅಲ್ಲಿಗೇ ಕಳಿಸುತ್ತಿತ್ತು. 301 ಸಿಕ್ಕಾಗ ಬ್ರೌಸರ್‌ಗಳು ಪೋಸ್ಟ್ ಅನ್ನು ಗೆಟ್ ಮಾಡಿಬಿಡುತ್ತವೆ, ಬರೆದದ್ದೆಲ್ಲ ದಾರಿಯಲ್ಲೇ ಉದುರಿಹೋಗುತ್ತದೆ. 307, 308 ಸಂಖ್ಯೆಯ ರೀಡೈರೆಕ್ಟ್ ಆದರೆ ಪೋಸ್ಟ್ ಹಾಗೇ ಉಳಿಯುತ್ತದೆ. ನಾನು ಫಾರ್ಮ್‌ನ ವಿಳಾಸವನ್ನೇ ಸರಿಮಾಡಿದೆ. ಅಂದಹಾಗೆ, ಕ್ರೋಮ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ‘307 ಇಂಟರ್ನಲ್ ರೀಡೈರೆಕ್ಟ್’ ಕಂಡರೆ ಸರ್ವರ್ ಕಾನ್ಫಿಗ್‌ನಲ್ಲಿ ಹುಡುಕಬೇಡಿ. ಅದು ಸಾಮಾನ್ಯವಾಗಿ ಎಚ್‌ಎಸ್‌ಟಿಎಸ್‌ನಿಂದ (‘ಈ ಸೈಟಿಗೆ ಸದಾ ಎಚ್‌ಟಿಟಿಪಿಎಸ್‌ನಲ್ಲೇ ಬಾ’ ಎಂದು ಬ್ರೌಸರಿಗೆ ಮೊದಲೇ ಹೇಳಿಟ್ಟ ನಿಯಮ) ಬ್ರೌಸರ್ ತಾನೇ ಮಾಡಿಕೊಂಡದ್ದು. ನಾನೂ ಒಮ್ಮೆ ಹುಡುಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹೊಸ ನಿಯಮ ಬರೆದಾಗ ಮೊದಲು 302 (ತಾತ್ಕಾಲಿಕ ರೀಡೈರೆಕ್ಟ್) ಹಾಕಿ ಕೆಲವು ದಿನ ನೋಡುತ್ತೇನೆ, ಸರಿ ಅನ್ನಿಸಿದ ಮೇಲೆಯೇ 301.

ಬೆಳಿಗ್ಗೆ ಮತ್ತೆ ಫೋನ್. ‘ಸರ್, ಮೊಬೈಲಲ್ಲಿ ಚೆನ್ನಾಗಿ ಬರ್ತಿದೆ, ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ನಿನ್ನೆ ತರಾನೇ ಇದೆ.’ ಕ್ಯಾಶ್ ಕ್ಲಿಯರ್ ಮಾಡಿ ಅಂದೆ. ಬಂತು.