ಪಾವಿನ ಒಳಗಿನ ಜಾಗದ ಅಚ್ಚು ತೆಗೆಯುವುದು ಹೇಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿಮನೆಗೆ ಬೀಗ ಬಿದ್ದು ನಾಲ್ಕು ವರ್ಷವಾಯಿತು. ಹೋದ ಮಳೆಗಾಲದಲ್ಲಿ ಅಡುಗೆಮನೆಯ ಮಾಡು ಕುಸಿಯಿತು. ಅಲ್ಲಿಂದ ನಾನು ತಂದದ್ದು ಒಂದೇ ವಸ್ತು, ಅಕ್ಕಿ ಅಳೆಯುವ ಕಬ್ಬಿಣದ ಪಾವು. ಶೋಕೇಸಿನಲ್ಲಿಟ್ಟರೆ ಅದು ಹಳೇ ಸಾಮಾನು ಅಷ್ಟೇ. ನನಗೆ ಬೇಕಿದ್ದದ್ದು ಅಜ್ಜಿ ದಿನಾ ತುಂಬಿ ಸುರಿಯುತ್ತಿದ್ದ ಆ ಒಳಗಿನ ಜಾಗ.

ದಾರಿ ತೋರಿಸಿದ್ದು ಲಂಡನ್ನಿನ ಕಲಾವಿದೆ ರೇಚಲ್ ವೈಟ್‌ರೀಡ್. ಬಿಸಿನೀರಿನ ಚೀಲದ ಒಳಗು, ಕುರ್ಚಿಯ ಕೆಳಗು, ಹೀಗೆ ಖಾಲಿ ಇರುವುದನ್ನೇ ಅವರು ಗಟ್ಟಿ ಮಾಡುತ್ತಾರೆ. 1990ರ ‘ಘೋಸ್ಟ್’ನಲ್ಲಿ ಹಳೇ ಮನೆಯ ಒಂದಿಡೀ ಕೋಣೆಯನ್ನು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರು. ಲೈಟಿನ ಸ್ವಿಚ್ಚು ಅದರಲ್ಲಿ ಗುಳಿಯಾಗಿ ಕಾಣುತ್ತದೆ. 1993ರಲ್ಲಿ ಪೂರ್ವ ಲಂಡನ್ನಿನ ಗ್ರೋವ್ ರೋಡಿನ ಮನೆಯೊಂದರ ಒಳಗೆಲ್ಲ ಕಾಂಕ್ರೀಟ್ ಹೊಡೆದು, ಹೊರಗಿನ ಗೋಡೆ ಕಿತ್ತರು. ಬ್ರಿಟನ್ನಿನ ದೊಡ್ಡ ಕಲಾಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಆ ವರ್ಷ ಅವರಿಗೇ ಬಂತು. 1994ರ ಜನವರಿಯಲ್ಲಿ ಆ ಕಾಂಕ್ರೀಟ್ ಅಚ್ಚನ್ನೂ ಕೆಡವಲಾಯಿತು. ಫೋಟೋ ನೋಡಿದಾಗೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ನಾವು ಪಾವಿನಷ್ಟೇ ಮಾಡೋಣ. ಪಾತ್ರೆಯ ಹೊಟ್ಟೆ ಬಾಯಿಗಿಂತ ಅಗಲ ಇರಬಾರದು. ನಾನು ಮೊದಲು ಒಂದು ಚೊಂಬಿನಲ್ಲಿ ಪ್ರಯತ್ನಿಸಿದೆ. ಕತ್ತಿನ ಹತ್ತಿರ ಸಿಕ್ಕಿಕೊಂಡಿತು, ಕೊನೆಗೆ ಒಡೆದು ತೆಗೆಯಬೇಕಾಯಿತು. ಧೂಳು ಒರೆಸಿದರೆ ಸಾಕು, ತುಕ್ಕು ಉಜ್ಜಬೇಡಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಿಗುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಅದೇ ಪಾವಿನಲ್ಲಿ ಮೊದಲು ಒಂದೂವರೆ ಪಾವು ಪುಡಿ ಅಳೆಯಿರಿ, ಆಮೇಲೆ ಮುಕ್ಕಾಲು ಪಾವು ನೀರು. ನೀರನ್ನು ಹಳೇ ಪ್ಲಾಸ್ಟಿಕ್ ಟಬ್ಬಿಗೆ ಹಾಕಿ. ಪಾವನ್ನು ಒರೆಸಿ, ಒಳಗೆ ವ್ಯಾಸಲೀನ್ ತೆಳುವಾಗಿ ಸವರಿ. ಜಾಸ್ತಿಯಾದರೆ ಗೀರು, ಗುರುತು ಎಲ್ಲ ಮುಚ್ಚಿಹೋಗುತ್ತವೆ.

ಈಗ ನೀರಿಗೆ ಪುಡಿ ಉದುರಿಸಿ. ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ನೆನೆಯಲು ಬಿಟ್ಟು ನಿಧಾನ ಕಲಸಿ. ಜೋರಾಗಿ ತಿರುವಿದರೆ ಗುಳ್ಳೆ ಏಳುತ್ತವೆ. ದೋಸೆಹಿಟ್ಟಿಗಿಂತ ಸ್ವಲ್ಪ ತೆಳ್ಳಗಿರುವಾಗಲೇ ಪಾವಿಗೆ ಸುರಿದು, ಪಕ್ಕಕ್ಕೆ ಹತ್ತಿಪ್ಪತ್ತು ಸಲ ಮೆತ್ತಗೆ ತಟ್ಟಿ. ಮಿಕ್ಕಿದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಟಬ್ಬಿನಲ್ಲೇ ಗಟ್ಟಿಯಾಗಲಿ.

ಸ್ವಲ್ಪ ಹೊತ್ತಿಗೆ ಪಾವಿನ ಹೊರಗೆ ಅಂಗೈ ಇಟ್ಟು ನೋಡಿ. ಬಿಸಿಯಾಗಿರುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಹಾಗೆ ಆಗುತ್ತದೆ ಅಂತ ಗೊತ್ತಿದ್ದರೂ, ಮೊದಲ ಸಲ ನಾನು ಕೈ ತೆಗೆಯದೆ ಸುಮ್ನೆ ಕೂತುಬಿಟ್ಟೆ. ಹಸಿ ಪ್ಲಾಸ್ಟರಿನೊಳಗೆ ಮಾತ್ರ ಬೆರಳು ಅದ್ದಿ ಇಟ್ಟುಕೊಳ್ಳಬೇಡಿ, ಸುಡುತ್ತದೆ.

ಪೂರ್ತಿ ತಣಿದ ಮೇಲೆ ಮಡಚಿದ ಟವೆಲ್ ಮೇಲೆ ಬೋರಲು ಹಾಕಿ, ಮರದ ಸೌಟಿನಿಂದ ತಟ್ಟಿ. ಬರದಿದ್ದರೆ ಹೊರಗಡೆ ಬಿಸಿನೀರು ಹೊಯ್ಯಿರಿ. ಕಬ್ಬಿಣ ಚೂರು ಹಿಗ್ಗಿ ಬಿಟ್ಟುಕೊಡುತ್ತದೆ.

ನನ್ನ ಅಚ್ಚಿನ ಮೈಗೆಲ್ಲ ತುಕ್ಕಿನ ಬಣ್ಣ ಹತ್ತಿದೆ, ಚಹಾ ಚೆಲ್ಲಿದ ಬಟ್ಟೆಯ ಹಾಗೆ. ತಳದಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಗುಳಿ. ಪಾವು ಯಾವಾಗಲೋ ಬಿದ್ದು ನೆಗ್ಗಿದ್ದು, ಇಷ್ಟು ವರ್ಷ ಅಕ್ಕಿಯ ಕೆಳಗೇ ಇತ್ತಲ್ವಾ, ನಾನು ನೋಡಿರಲೇ ಇಲ್ಲ. ಸ್ಯಾಂಡ್‌ಪೇಪರ್ ಹಿಡಿದು ಇದನ್ನೆಲ್ಲ ನುಣ್ಣಗೆ ಮಾಡಲು ಹೋಗಬೇಡಿ.

ಗಾಳಿಯಾಡುವ ಕಡೆ ಒಣಗಲು ಇಡಿ. ಮಳೆಗಾಲದಲ್ಲಾದರೆ ವಾರಗಟ್ಟಲೆ ಬೇಕು. ಒಣಗಿತೋ ಇಲ್ಲವೋ ಅಂತ ತಿಳಿಯಲು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.